ಗುಡುಗಮ್ಮನ ರೋಲರ್ ರಸ್ತೆಗಿಳಿಯಿತು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರಸ್ತೆ ಇಲಾಖೆಯ ಯಾರ್ಡಿನ ತಗಡಿನ ಗೇಟು ಕಿರ್ರೆನ್ನುತ್ತದೆ. ತಲೆಗೆ ಬಟ್ಟೆ ಬಿಗಿದ ಹೆಂಗಸೊಬ್ಬರು ಸೀದಾ ಮೂಲೆಯ ಹಳದಿ ರೋಡ್ ರೋಲರ್ ಹತ್ತಿರ ಹೋಗಿ, ಅದರ ಕಬ್ಬಿಣದ ಚಕ್ರವನ್ನು ಅಂಗೈಯಿಂದ ತಟ್ಟುತ್ತಾರೆ.

‘ಏಳಪ್ಪಾ ರಾಜಾ, ಮಲಗಿದ್ದು ಸಾಕು. ಇವತ್ತು ನಿಜವಾಗ್ಲೂ ಕೆಲಸ ಇದೆ.’

ಆಯಿಲ್ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ನೋಡುತ್ತಾರೆ. ಮೇಲೆ ಹತ್ತಿ ಚಾವಿ ತಿರುಗಿಸುತ್ತಾರೆ. ರೋಲರ್ ಮೊದಲು ಕೆಮ್ಮುತ್ತದೆ, ಕರಿ ಹೊಗೆ ಉಗುಳುತ್ತದೆ, ಆಮೇಲೆ ಗುಡುಗುತ್ತದೆ. ಕಾಂಪೌಂಡಿನ ಆಚೆ ಬೀದಿಯ ಕಿಟಕಿಗಳಲ್ಲಿ ಒಂದೊಂದೇ ದೀಪ ಹತ್ತುತ್ತದೆ. ‘ಏಳ್ರೋ, ಗುಡುಗಮ್ಮ ಬಂದಾಯ್ತು!’ ಎಂದು ಯಾರೋ ತಾಯಿ ಮಕ್ಕಳನ್ನು ಎಬ್ಬಿಸುವ ದನಿ ಕೇಳುತ್ತದೆ. ಈ ಬೀದಿಗೆ ಗುಡುಗಮ್ಮನೇ ಅಲಾರಾಂ. ಅವರ ನಿಜವಾದ ಹೆಸರು ಕೇಳಿದರೆ ಅವರ ಅತ್ತೆಯೇ ತಲೆ ಕೆರೆದುಕೊಳ್ಳುತ್ತಾರೆ.

ಗುಡುಗಮ್ಮ ಈ ಕಸುಬಿಗೆ ಬಂದದ್ದು ಜಲ್ಲಿ ಹೊರುವ ಕೂಲಿಯಾಗಿ. ಹಳೆಯ ಡ್ರೈವರಣ್ಣನಿಗೆ ಕಣ್ಣು ಮಂಜಾಗುತ್ತಾ ಬಂದಾಗ, ‘ಮುಂದೆ ಗುಂಡಿ ಇದ್ರೆ ಹೇಳಮ್ಮಾ’ ಎಂದು ಅವರು ಇವರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದರು. ಗುಂಡಿ ಹೇಳುತ್ತಾ ಹೇಳುತ್ತಾ ಸ್ಟೀರಿಂಗ್ ಕೈಗೆ ಬಂತು. ಅದೇ ತಂಡದಲ್ಲಿ ಡಾಂಬರು ಕಾಯಿಸುತ್ತಿದ್ದವರೊಬ್ಬರು ಕೈ ಹಿಡಿದರು. ‘ನಮ್ಮದು ಡಾಂಬರಿನ ವಾಸನೆಯಲ್ಲಿ ಹುಟ್ಟಿದ ಪ್ರೀತಿ. ಅದಕ್ಕೇ ಇಷ್ಟು ಅಂಟಿಕೊಂಡಿರೋದು’ ಎಂದು ಗಂಡ ಚುಡಾಯಿಸುತ್ತಾರೆ.

ಆಮೇಲೆ ಆರ್ಥಿಕ ಹಿಂಜರಿತ ಬಂತು. ಊರಿನ ಕಾರ್ಖಾನೆಗಳು ಬಾಗಿಲು ಹಾಕಿದವು. ತೆರಿಗೆ ಬರುವುದು ನಿಂತು ರಾಜ್ಯದ ಬೊಕ್ಕಸ ಬಣಗುಟ್ಟಿತು, ರಸ್ತೆ ಕೆಲಸಗಳೆಲ್ಲ ಅರ್ಧಕ್ಕೇ ನಿಂತವು. ಆಸ್ಪತ್ರೆಗೆ ಹೋಗುವ ರಸ್ತೆಗೆ ಜಲ್ಲಿ ಸುರಿದು ಹಾಗೇ ಬಿಟ್ಟರು. ತಂಡದವರೆಲ್ಲ ದಿಕ್ಕಿಗೊಬ್ಬರಾದರು. ಗಂಡ ಮಾರುಕಟ್ಟೆಯಲ್ಲಿ ಮೂಟೆ ಇಳಿಸಲು ಹೋದರೆ, ಗುಡುಗಮ್ಮ ಹೋಟೆಲಿನ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕಲು ಸೇರಿದರು. ‘ಅಲ್ಲೂ ಅದೇ ಕೆಲಸ ಕಣ್ರೀ, ಸುಕ್ಕು ಸಪಾಟು ಮಾಡೋದು’ ಎಂದು ನಗುತ್ತಾರೆ.

ಆದರೆ ಇಸ್ತ್ರಿಗೆ ಹೋಗುವ ಮುಂಚೆ ದಿನಾ ಯಾರ್ಡಿಗೆ ಬಂದು ರೋಲರ್ ಚಾಲೂ ಮಾಡುವುದನ್ನು ಮಾತ್ರ ಬಿಡಲಿಲ್ಲ. ಹೊಗೆಯ ಕಪ್ಪು ತಿಳಿಯಾಗುವವರೆಗೆ ಓಡಿಸುವುದು, ಎಂಜಿನ್ ನಿಲ್ಲಿಸುವ ಹಿಡಿ ಎಳೆಯುವುದು, ಇಳಿದು ಹೋಗುವುದು. ಕೂಲಿಯಿಲ್ಲ, ಹೇಳಿದವರಿಲ್ಲ. ‘ಹುಚ್ಚು ಹಿಡಿದಿದ್ಯಾ ನಿಂಗೆ?’ ಎಂದು ಕಾವಲುಗಾರ ಬೈಯುತ್ತಲೇ ಗೇಟು ತೆಗೆಯುತ್ತಿದ್ದ. ಟ್ಯಾಂಕು ಬರಿದಾದಾಗ ಡೀಸೆಲ್ ಕ್ಯಾನು ಹಿಡಿದು ಬಂದವನು ಹಾಲಿನವನು. ‘ಅಕ್ಕಾ, ನಿನ್ನ ಸದ್ದಿಲ್ದೆ ನನ್ನ ಗಿರಾಕಿಗಳು ಏಳೋದೇ ಇಲ್ಲ. ಬಾಗಿಲು ಬಡಿದು ಬಡಿದು ಕೈ ನೋಯ್ತಿದೆ!’

ಅಷ್ಟರಲ್ಲಿ ಕೇಂದ್ರ ಸರ್ಕಾರ ಉತ್ತೇಜನ ಪ್ಯಾಕೇಜ್ ಘೋಷಿಸಿತು. ನಿಂತ ಕೆಲಸಗಳಿಗೆ ಹಣ ಕೊಡುತ್ತೇವೆ, ಆದರೆ ರಾಜ್ಯವೂ ಒಪ್ಪಿ ತನ್ನ ಪಾಲು ಹಾಕಬೇಕು ಎಂಬುದು ಷರತ್ತು. ಗುಡುಗಮ್ಮನ ಅತ್ತೆ ಮಾತ್ರ ಬಾಗಿಲಲ್ಲಿ ಕಾದು ಕುಳಿತರು. ‘ಪ್ಯಾಕೇಜು ಬಂತಂತಲ್ಲೇ, ಪೋಸ್ಟಿನವನು ಇತ್ತ ಕಡೆ ಸುಳಿದೇ ಇಲ್ಲ!’

ವಿಧಾನಸಭೆಯಲ್ಲಿ ಜಟಾಪಟಿ. ‘ಇರುವ ಸಾಲವೇ ಸಾಕು’ ಎಂದರು ಕೆಲವರು. ‘ಜನರ ಕೈಗೆ ಕೆಲಸವೇ ಇಲ್ಲದಿದ್ದರೆ ಅಂಗಡಿ ನಡೆಯುವುದು ಹೇಗೆ, ತೆರಿಗೆ ಬರುವುದು ಎಲ್ಲಿಂದ?’ ಎಂದರು ಇನ್ನು ಕೆಲವರು. ಟೀ ಅಂಗಡಿಯ ರೇಡಿಯೋ ಮುಂದೆ ಇಡೀ ತಂಡ ಕಿವಿಯಾಗಿ ನಿಂತಿತ್ತು. ರಾಜ್ಯ ಬೆಂಬಲ ಕೊಟ್ಟಿತು, ಪಾಲು ಹಾಕಲು ಒಪ್ಪಿತು ಎಂಬ ಸುದ್ದಿ ಬಂದಾಗ ಗಂಡ ಗುಡುಗಮ್ಮನನ್ನು ಎಲ್ಲರೆದುರೇ ಎತ್ತಿ ಒಂದು ಸುತ್ತು ತಿರುಗಿಸಿದರು. ‘ಮೂಟೆ ಅಂದ್ಕೊಂಡ್ರಾ? ಇಳಿಸ್ರೀ!’ ಎಂದು ಇವರು ಗದರಿದರು.

ಖುಷಿಗೊಂದು ಕೊಕ್ಕೆ ಇತ್ತು. ತಕ್ಷಣ ಶುರುಮಾಡಬಲ್ಲ ಊರಿಗೆ ಮಾತ್ರ ಹಣ, ತಡವಾದರೆ ಬೇರೆ ಊರಿನ ಪಾಲು. ಇಂಜಿನಿಯರ್ ಯಾರ್ಡಿಗೆ ಬಂದು ಎಲ್ಲ ರೋಲರ್‌ಗಳನ್ನೂ ಚಾಲೂ ಮಾಡಿಸಿ ನೋಡಿದರು. ಉಳಿದವೆಲ್ಲ ತುಕ್ಕು ಹಿಡಿದು ಮುಷ್ಕರ ಹೂಡಿದ್ದವು. ಬಾಯಿ ಬಿಟ್ಟದ್ದು ಗುಡುಗಮ್ಮನದೊಂದೇ. ಆಸ್ಪತ್ರೆ ರಸ್ತೆ ಪಟ್ಟಿಗೆ ಸೇರಿತು. ‘ನಾಳೆ ಬೆಳಿಗ್ಗೆ ಮೇಲಿನವರು ಬರ್ತಾರೆ. ಅವರ ಕಣ್ಮುಂದೆ ಕೆಲಸ ಶುರುವಾಗ್ಬೇಕಮ್ಮಾ’ ಎಂದು ಹೇಳಿ ಹೋದರು.

ಆ ನಾಳೆಯೇ ಇವತ್ತು. ಯಾರ್ಡಿನಿಂದ ಹೊರಟ ರೋಲರ್ ಆಸ್ಪತ್ರೆ ರಸ್ತೆಗೆ ಬಂದು ಗುಡುಗುತ್ತಾ ನಿಂತಿದೆ. ರಸ್ತೆಯ ಎರಡೂ ಬದಿ ಜನ. ತಂಡದವರೆಲ್ಲ ಹಳೆಯ ಬೂಟುಗಳನ್ನು ಹುಡುಕಿ ಹಾಕಿಕೊಂಡು ಬಂದಿದ್ದಾರೆ. ಮೇಲಿನವರು ಕಾರಿನಿಂದ ಇಳಿಯುತ್ತಾರೆ, ಇಂಜಿನಿಯರ್ ಹಸಿರು ಬಾವುಟ ಎತ್ತುತ್ತಾರೆ. ಗುಡುಗಮ್ಮ ಹೊಗೆ ಕೊಳವೆಯತ್ತ ನೋಡುತ್ತಾರೆ. ಹೊಗೆ ತಿಳಿಯಾಗಿದೆ. ಕೈ ತನ್ನ ಪಾಡಿಗೆ ತಾನು ಹೋಗಿ ಹಿಡಿ ಎಳೆದುಬಿಡುತ್ತದೆ.

ಗುಡುಗು ನಿಂತುಹೋಗುತ್ತದೆ.

ಬಾವುಟ ಅರ್ಧಕ್ಕೇ ನಿಲ್ಲುತ್ತದೆ. ‘ಏನು, ಕೆಟ್ಟುಹೋಯ್ತಾ?’ ಎಂದು ಮೇಲಿನವರು ಹುಬ್ಬು ಗಂಟಿಕ್ಕುತ್ತಾರೆ. ಹಿಡಿಯ ಮೇಲಿದ್ದ ಕೈಯನ್ನು ಗುಡುಗಮ್ಮ ಬೇರೆ ಯಾರದ್ದೋ ಕೈ ಎಂಬಂತೆ ದಿಟ್ಟಿಸುತ್ತಾರೆ. ಜನರ ನಡುವಿನಿಂದ ಹಾಲಿನವನ ಕೂಗು ಕೇಳುತ್ತದೆ:

‘ಅಕ್ಕಾ, ಎಲ್ರೂ ಎದ್ದಾಯ್ತು! ಇವತ್ತು ನಿಲ್ಲಿಸ್ಬೇಡ, ಹೋಗ್ತಾ ಇರು!’

ಬೀದಿಗೆ ಬೀದಿಯೇ ನಗುತ್ತದೆ. ಗುಡುಗಮ್ಮ ನಾಲಿಗೆ ಕಚ್ಚಿಕೊಂಡು ಚಾವಿ ತಿರುಗಿಸುತ್ತಾರೆ. ರೋಲರ್ ಕೆಮ್ಮುವುದೂ ಇಲ್ಲ, ಒಂದೇ ಸಲಕ್ಕೆ ಗುಡುಗುತ್ತದೆ. ಬಾವುಟ ಪೂರ್ತಿ ಮೇಲೇರುತ್ತದೆ. ಕಬ್ಬಿಣದ ಚಕ್ರದಡಿ ಜಲ್ಲಿ ಕರಕರ ಎನ್ನುತ್ತದೆ, ಹಿಂದಿನಿಂದ ಡಾಂಬರಿನ ಹೊಗೆ ಏಳುತ್ತದೆ. ರೋಲರ್ ಅಷ್ಟು ದೂರ ಮುಂದೆ ಹೋಗಿ, ಮತ್ತೆ ಹಿಂದೆ ಬರುತ್ತದೆ.

‘ಹಿಂಜರಿತ ಹಿಂಜರಿತ ಅಂತ ಎಲ್ರೂ ಹೆದರಿಸಿದ್ರು’ ಎನ್ನುತ್ತಾರೆ ಗುಡುಗಮ್ಮ, ನೀರು ಕುಡಿಯಲು ಇಳಿದಾಗ. ‘ಹಿಂದೆ ಸರಿಯೋದು ನಮ್ಮ ರೋಲರ್‌ಗೇನು ಹೊಸದಾ? ಸರಿದಿದ್ದು ಮತ್ತೆ ಮುಂದೆ ಬರ್ಬೇಕು, ಅಷ್ಟೇ.’

ಇನ್ನೇನು ಆಸೆ ಎಂದು ಕೇಳಿದರೆ ರಸ್ತೆಯ ಉದ್ದಕ್ಕೂ ಕಣ್ಣು ಹಾಯಿಸುತ್ತಾರೆ. ರಸ್ತೆ ಬೆಳೆದಂತೆ ರೋಲರ್ ದಿನಾ ಬೀದಿಯಿಂದ ಇಷ್ಟಿಷ್ಟೇ ದೂರ ಹೋಗುತ್ತದೆ. ರಾತ್ರಿ ಅಲ್ಲೇ ನಿಲ್ಲುತ್ತದೆ, ಮರುದಿನ ಅಲ್ಲೇ ಗುಡುಗುತ್ತದೆ.

‘ನಮ್ಮ ಬೀದಿಯವರು ಒಂದೊಂದು ಅಲಾರಾಂ ಕೊಂಡ್ಕೊಂಡ್ರೆ ಸಾಕು’ ಎಂದು ಮತ್ತೆ ಮೇಲೆ ಹತ್ತುತ್ತಾರೆ. ‘ಇನ್ನು ನನ್ನ ಸದ್ದು ಅವರಿಗೆ ಕೇಳ್ಸೋದಿಲ್ಲ.’