ದತ್ತು ಎನ್ನಬಾರದ ಮನೆ

ಹತ್ತನೇ ತರಗತಿಗೆ ಪಾಠ ಮಾಡುವವರಿಗೆ ಸಂಕ್ರಾಂತಿಯ ಎಳ್ಳುಬೆಲ್ಲ ಬಾಯಲ್ಲಿ ಕರಗುವ ಮುಂಚೆಯೇ ಭಯ ಶುರುವಾಗುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ನಮ್ಮದು ಬೇರೆಯೇ ಶೈಕ್ಷಣಿಕ ಜಿಲ್ಲೆ. ಫಲಿತಾಂಶದಲ್ಲಿ ಜಿಲ್ಲೆ ಎಲ್ಲಿ ನಿಲ್ಲುತ್ತದೋ ಎಂದು ಶಿಕ್ಷಣ ಇಲಾಖೆಯ ಸಾಹೇಬರಿಗೆ ಭಯ, ಸಾಹೇಬರು ಏನನ್ನುತ್ತಾರೋ ಎಂದು ಹೆಡ್‌ಮಾಸ್ಟರಿಗೆ ಭಯ, ಹೆಡ್‌ಮಾಸ್ಟರ ಮುಖ ನೋಡಿ ನಮಗೆ ಭಯ. ಮಕ್ಕಳ ಭಯ ಕೇಳುವ ಸರದಿ ಎಲ್ಲರದ್ದೂ ಮುಗಿದ ಮೇಲೆ ಬರುತ್ತದೆ. ನಾನು ಗಣಿತದವಳು, ಮೂಗಿನ ತುದಿಯಲ್ಲೇ ಕೋಪ. ಹೆದರಿದಾಗಲೆಲ್ಲ ಬೈಯುತ್ತೇನೆ, ಅದು ತಿಳಿಯದ ಮಕ್ಕಳು ನನ್ನನ್ನು ಭಾರೀ ಧೈರ್ಯವಂತೆ ಅಂದುಕೊಂಡಿದ್ದಾರೆ.

ಹಿಂದೆ ಬಿದ್ದ ಮಕ್ಕಳನ್ನು ದಡ ಮುಟ್ಟಿಸಲು ನಮ್ಮಲ್ಲಿ ಒಂದು ಪದ್ಧತಿ ಇದೆ. ಒಬ್ಬೊಬ್ಬ ಶಿಕ್ಷಕರೂ ಕೆಲವು ಮಕ್ಕಳನ್ನು ‘ದತ್ತು’ ತೆಗೆದುಕೊಳ್ಳಬೇಕು. ಬೆಳಗಿನ ಜಾವ ಫೋನ್ ಮಾಡಿ ಓದಲು ಎಬ್ಬಿಸುವುದು, ಶಾಲೆ ಬಿಟ್ಟ ಮೇಲೆ ಕೂರಿಸಿಕೊಂಡು ಲೆಕ್ಕ ಮಾಡಿಸುವುದು, ಮುಂದೆ ಯಾವ ಕಾಲೇಜು, ಯಾವ ವಿಷಯ ಎಂದು ಮನೆಯವರಿಗೆ ತಿಳಿಹೇಳುವುದು, ಇಷ್ಟೇ ಅದರ ಅರ್ಥ. ಸಭೆಗಳಲ್ಲಿ ಕೇಳಿ ಕೇಳಿ ಆ ಪದ ನಮ್ಮ ಬಾಯಿಗೂ ಅಂಟಿಕೊಂಡಿತ್ತು. ಅದಕ್ಕೆ ಇನ್ನೊಂದು ಅರ್ಥವಿದೆ ಎಂಬುದೇ ಮರೆತುಹೋಗಿತ್ತು.

ಆ ವರ್ಷ ನನ್ನ ಪಾಲಿಗೆ ಬಂದವರಲ್ಲಿ ನಮ್ಮ ಪಾವಗಡ ತಾಲ್ಲೂಕಿನ ವಳ್ಳೂರಿನ ಕಡೆಯ ಒಬ್ಬ ಹುಡುಗಿ ಇದ್ದಳು. ದಡ್ಡಿಯಲ್ಲ. ಬಾಯಲ್ಲಿ ಕೇಳಿದರೆ ಸರಿಯುತ್ತರ ಹೇಳುತ್ತಿದ್ದಳು. ಪ್ರಶ್ನೆಪತ್ರಿಕೆ ಕೈಗೆ ಬಂದರೆ ಅಂಗೈ ಬೆವರಿ ಹಾಳೆಯೇ ಒದ್ದೆಯಾಗುತ್ತಿತ್ತು. ಅಪ್ಪ ಲಾರಿ ಡ್ರೈವರ್, ವಾರಗಟ್ಟಲೆ ಊರಲ್ಲಿರುವುದಿಲ್ಲ. ಅಮ್ಮ ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ ತೊಳೆಯುವ ಕೆಲಸಕ್ಕೆ ಹೋಗುತ್ತಿದ್ದಳು. ಒಬ್ಬಳೇ ಮಗಳು. ವಿಜ್ಞಾನ ಓದಿ ನರ್ಸ್ ಆಗಬೇಕೆಂಬ ಆಸೆಯನ್ನು ಅವಳು ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿ ಹೇಳಿದ್ದಳು.

ಮೊದಲ ದಿನ ಬೆಳಗಿನ ಜಾವ ಫೋನ್ ಮಾಡಿದಾಗ ಅಮ್ಮ ಎತ್ತಿದಳು. ನಾನು ಹುಮ್ಮಸ್ಸಿನಲ್ಲಿ ಹೇಳಿದೆ: “ನಿಮ್ಮ ಮಗಳನ್ನ ನಾನು ದತ್ತು ತಗೊಂಡಿದೀನಿ ಕಣಮ್ಮ. ಇನ್ಮೇಲೆ ಅವಳು ನನ್ನ ಜವಾಬ್ದಾರಿ.”

ಫೋನ್ ಕಟ್ಟಾಯಿತು. ನಾನು ನೆಟ್‌ವರ್ಕಿಗೆ ಶಾಪ ಹಾಕಿ ಮುಂದಿನ ಮಗುವಿಗೆ ಫೋನ್ ಮಾಡಿದೆ.

ಅಂದು ಹುಡುಗಿ ಶಾಲೆಗೆ ಬರಲಿಲ್ಲ. ಮರುದಿನವೂ ಇಲ್ಲ. ಫೋನ್ ಸ್ವಿಚ್ ಆಫ್. ಅದೇ ಊರಿನ ಮಕ್ಕಳನ್ನು ಕೇಳಿದರೆ, ಅವಳನ್ನು ಆಂಧ್ರದ ಕಡೆ ಅಜ್ಜಿ ಮನೆಗೆ ಕಳಿಸಿದ್ದಾರಂತೆ, ಶಾಲೆ ಬಿಡಿಸುತ್ತಾರಂತೆ ಎಂದರು. ಪರೀಕ್ಷೆ ಹತ್ತಿರ ಬಂದಾಗ ಹತ್ತನೇ ತರಗತಿಯ ಹುಡುಗಿಯನ್ನು ಇದ್ದಕ್ಕಿದ್ದಂತೆ ಗಡಿಯಾಚೆ ಕಳಿಸಿದರೆ ಮದುವೆಯಲ್ಲದೆ ಇನ್ನೇನು ನೆನಪಾಗುತ್ತದೆ? ಸಂಜೆ ಕ್ಲಾಸು ಸಹೋದ್ಯೋಗಿಗೆ ಒಪ್ಪಿಸಿ ಅವರ ಊರಿನ ಬಸ್ಸು ಹತ್ತಿದೆ. ಕಿಟಕಿಯ ಎರಡೂ ಬದಿಗೆ ಪ್ಯಾನೆಲ್ಲುಗಳ ಸಾಲು ಓಡುತ್ತಿದ್ದರೆ ನಾನು ಬೈಗುಳಗಳನ್ನು ಜೋಡಿಸಿಕೊಳ್ಳುತ್ತಿದ್ದೆ.

ಬಾಗಿಲಲ್ಲೇ ನಿಂತಿದ್ದ ಅಮ್ಮ ಒಳಗೆ ಕರೆಯಲಿಲ್ಲ, ಒಂದು ಲೋಟ ನೀರೂ ಕೊಡಲಿಲ್ಲ. ಆ ಸೀಮೆಯಲ್ಲಿ ನೀರು ಕೊಡದೆ ನಿಲ್ಲಿಸಿದರೆ ಅದಕ್ಕಿಂತ ದೊಡ್ಡ ಸಿಟ್ಟಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವಳು ಕೇಳಿದಳು.

“ಮೀಕು ಎವರು ಚೆಪ್ಪಾರು? ನಿಮ್ಗೆ ಯಾರು ಹೇಳಿದ್ದು?”

ಏನನ್ನು ಹೇಳಿದ್ದು ಎಂದೆ. ಅವಳು ಬೀದಿಯ ಆಚೆ ಈಚೆ ನೋಡಿ ದನಿ ಇಳಿಸಿದಳು.

“ದತ್ತು ಅಂತ. ನನ್ ತಂಗಿ ಕಳಿಸಿದ್ಲಾ ನಿಮ್ಮನ್ನ?”

ಯಾವ ತಂಗಿ ಎಂದೆ. ಅವಳು ಹೇಳಿದ್ದು ಕೇಳಿ, ಜೋಡಿಸಿಕೊಂಡಿದ್ದ ಬೈಗುಳಗಳೆಲ್ಲ ಒಣಗಿಹೋದವು. ಹುಡುಗಿ ಅವಳು ಹೆತ್ತ ಮಗಳಲ್ಲ. ಮಧುಗಿರಿಯಲ್ಲಿರುವ ತಂಗಿಯ ಮಗಳು. ಹೊಕ್ಕುಳಬಳ್ಳಿ ಉದುರುವ ಮುಂಚೆ ಎತ್ತಿಕೊಂಡು ಬಂದಿದ್ದಳಂತೆ. ಹುಡುಗಿ ಹೆತ್ತವಳನ್ನು ಚಿಕ್ಕಮ್ಮ ಎಂದೇ ಕರೆಯುತ್ತಾಳೆ. ಆ ಮನೆಯಲ್ಲಿ ದತ್ತು ಎಂಬ ಪದವನ್ನು ಯಾರೂ ಆಡುವುದಿಲ್ಲ. ಅಂಥ ಮನೆಗೆ ನಾನು ಕೋಳಿ ಕೂಗುವ ಹೊತ್ತಿಗೆ ಫೋನ್ ಮಾಡಿ ಆ ಪದವನ್ನೇ ಕೂಗಿದ್ದೆ.

ಅದು ಇಲಾಖೆಯ ಭಾಷೆ, ಓದಿಸುವುದಕ್ಕೆ ಮಾತ್ರ ಎಂದು ಎಷ್ಟು ಹೇಳಿದರೂ ಅವಳು ನಂಬಲಿಲ್ಲ. “ಓದ್ಸೋಕೆ ದತ್ತು ಯಾಕೆ ತಗೋಬೇಕು ಮಿಸ್? ಓದಿಸ್ತೀನಿ ಅಂದ್ರೆ ಸಾಲ್ದಾ?” ಎಂದಳು. ಇಷ್ಟು ವರ್ಷದ ಸಭೆಗಳಲ್ಲಿ ನಮ್ಮಲ್ಲಿ ಒಬ್ಬರಿಗೂ ಈ ಪ್ರಶ್ನೆ ಹೊಳೆದಿರಲಿಲ್ಲ. ಕೊನೆಗೆ ನನ್ನನ್ನು ಒಳಗೆ ಕರೆದು, ಆ ಪದವನ್ನು ಮಗಳ ಕಿವಿಗೆ ಹಾಕುವುದಿಲ್ಲ ಎಂದು ದೀಪ ಮುಟ್ಟಿಸಿ ಆಣೆ ಹಾಕಿಸಿಕೊಂಡಳು. ಆಣೆ ಪ್ರಮಾಣಗಳನ್ನು ನಂಬದ ನಾನು ಮರುಮಾತಾಡದೆ ದೀಪ ಮುಟ್ಟಿದೆ. ಆಮೇಲೆ ನೀರು ಬಂತು. ಅದಾದ ಮೂರನೇ ದಿನ ಹುಡುಗಿ ಅಜ್ಜಿ ಮನೆಯಿಂದ ಮರಳಿ ಶಾಲೆಗೆ ಬಂದಳು.

ಅಲ್ಲಿಂದ ಬೆಳಗಿನ ಮಾತು ನಿಂತಿತು. ನಾನು ಒಂದು ಮಿಸ್ಡ್ ಕಾಲ್ ಕೊಡುವುದು, ಹುಡುಗಿ ಎದ್ದಿದ್ದರೆ ತಿರುಗಿ ಒಂದು ಮಿಸ್ಡ್ ಕಾಲ್ ಕೊಡುವುದು, ಇಷ್ಟೇ. ಆದರೆ ಶಾಲೆಯ ತುಂಬ ಆ ಪದ ಓಡಾಡುತ್ತಿತ್ತು. ಹೆಡ್‌ಮಾಸ್ಟರು ನೋಟಿಸ್ ಬೋರ್ಡಿನಲ್ಲಿ ದತ್ತು ಮಕ್ಕಳ ಹೆಸರು ಅಂಟಿಸಿದ್ದರು. ಅದನ್ನು ನಾನೇ ಕಿತ್ತು, ಗಾಳಿಗೆ ಹಾರಿಹೋಯಿತು ಎಂದು ಸುಳ್ಳು ಹೇಳಿದೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ‘ನಿಮ್ಮ ದತ್ತುಪುತ್ರಿ ಎಲ್ಲಿ’ ಎಂದು ತಮಾಷೆ ಮಾಡಿದರೆ ರೇಗಿಬಿಡುತ್ತಿದ್ದೆ. ಇವಳಿಗೇನಾಗಿದೆ ಎಂದು ಅವರು ಮುಖ ಮುಖ ನೋಡಿಕೊಳ್ಳುತ್ತಿದ್ದರು.

ತಾಯಂದಿರ ಸಭೆಯ ದಿನ ಸಾಹೇಬರು ಬಂದರು. ಅವರು ಬರುವುದು ನಮಗ್ಯಾರಿಗೂ ಮೊದಲೇ ಗೊತ್ತಿರಲಿಲ್ಲ. ತಾಯಂದಿರು ಹಿಂದಿನ ಬೆಂಚುಗಳಲ್ಲಿ ಕೂತಿದ್ದರು. ಅಮ್ಮ ಕೆಲಸದ ಬಟ್ಟೆಯಲ್ಲೇ ಬಂದು ಬಾಗಿಲ ಪಕ್ಕ ಕೂತಿದ್ದಳು. ಸಾಹೇಬರು ಒಳ್ಳೆಯವರೇ, ನಗುತ್ತಾ ಬೆಂಚಿನಿಂದ ಬೆಂಚಿಗೆ ಮಕ್ಕಳನ್ನು ಒಬ್ಬೊಬ್ಬರನ್ನೇ ಎಬ್ಬಿಸಿ, ನಿನ್ನನ್ನು ದತ್ತು ತಗೊಂಡವರು ಯಾರು ಎಂದು ಕೇಳುತ್ತಾ ಬಂದರು. ತಡೆಯಬೇಕೆಂದು ಒಂದು ಹೆಜ್ಜೆ ಮುಂದಿಟ್ಟೆ. ಅಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅಷ್ಟರಲ್ಲಿ ಹುಡುಗಿಯ ಸರದಿ ಬಂದೇಬಿಟ್ಟಿತು.

ಅವಳು ಎದ್ದು ನಿಂತಳು. ಒಂದು ಸಲ ಹಿಂದೆ ತಿರುಗಿ ಅಮ್ಮನನ್ನು ನೋಡಿದಳು.

“ನನ್ನ ಯಾರೂ ದತ್ತು ತಗಂಡಿಲ್ಲ ಸಾ. ನಾನು ನಮ್ಮಮ್ಮನ ಮಗಳು. ಲೆಕ್ಕ ಮಾತ್ರ ಈ ಮಿಸ್ಸು ಹೇಳ್ಕೊಡ್ತಾರೆ.”

ಸಾಹೇಬರು ಜೋರಾಗಿ ನಕ್ಕರು. ತಾಯಂದಿರೂ ನಕ್ಕರು. ಅಮ್ಮ ಮಾತ್ರ ನಗಲಿಲ್ಲ. ಬಾಯಿಂದ ಸೆರಗು ತೆಗೆದು ಮುಖ ಒರೆಸಿಕೊಂಡಳು.

ಅಂದು ಮಧ್ಯಾಹ್ನ ನಲ್ಲಿಯ ಹತ್ತಿರ ತಟ್ಟೆ ತೊಳೆಯುತ್ತಿದ್ದ ಹುಡುಗಿಯ ಪಕ್ಕ ಹೋಗಿ ನಿಂತೆ. ಬೆನ್ನು ತಟ್ಟಬೇಕೆಂದು ಹೋದವಳು ನಾನು. ಅವಳು ತಲೆಯೆತ್ತದೆ, ನೀರಿನ ಸದ್ದಿನಲ್ಲಿ ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಹೇಳಿದಳು.

“ನಂಗೆ ಗೊತ್ತು ಮಿಸ್. ಏಳ್ನೇ ಕ್ಲಾಸಲ್ಲೇ ಗೊತ್ತಾಯ್ತು, ಮದುವೆ ಮನೇಲಿ ಯಾರೋ ಅಂದ್ರು. ನಂಗೆ ಗೊತ್ತೈತೆ ಅಂತ ಅಮ್ಮಂಗೆ ಹೇಳ್ಬ್ಯಾಡಿ. ಹೆದರ್ಕಂಬುಡ್ತಾಳೆ.”

ನಾನು ತಲೆಯಾಡಿಸಿದೆ. ತಾಯಿಗೆ ಕೊಟ್ಟ ಮಾತು ಒಂದು, ಮಗಳಿಗೆ ಕೊಟ್ಟ ಮಾತು ಇನ್ನೊಂದು. ಅತ್ತ ದರಿ, ಇತ್ತ ಪುಲಿ. ಪ್ರಶ್ನೆಪತ್ರಿಕೆಗೆ ಅಂಗೈ ಬೆವರುವ ಈ ಮಗು ಇಷ್ಟು ವರ್ಷ ಇದನ್ನು ಒಳಗಿಟ್ಟುಕೊಂಡು ಹೇಗೆ ಊಟ ಮಾಡುತ್ತಿದ್ದಳು, ಹೇಗೆ ನಿದ್ದೆ ಮಾಡುತ್ತಿದ್ದಳು ಎಂದು ಯೋಚಿಸಿ ನನಗೆ ಅಳು ಬಂತು. ಯಾಕೆ ತಟ್ಟೆ ಸರಿಯಾಗಿ ತೊಳೆದಿಲ್ಲ ಎಂದು ಬೈದು ಬಂದೆ.

ಅವಳು ಪಾಸಾದಳು. ಗಣಿತದಲ್ಲಿ ನಾನು ನೆನೆಸಿದ್ದಕ್ಕಿಂತ ಚೆನ್ನಾಗಿಯೇ ಪಾಸಾದಳು. ವಿಜ್ಞಾನಕ್ಕೆ ಪಾವಗಡದಲ್ಲಿ ಸೀಟು ಸಿಗದೆ ಮಧುಗಿರಿಯ ಕಾಲೇಜಿನಲ್ಲಿ ಸಿಕ್ಕಿತು, ಅಲ್ಲಿನ ಹಾಸ್ಟೆಲ್ಲಿನಲ್ಲಿ ಸಿಗಲಿಲ್ಲ. ಉಳಿಯುವುದಾದರೆ ಚಿಕ್ಕಮ್ಮನ ಮನೆ, ಇಲ್ಲದಿದ್ದರೆ ಓದು ಇಲ್ಲ. ಅಮ್ಮ ಈ ಸಲ ತಾನೇ ಶಾಲೆಗೆ ಬಂದು ನನ್ನ ಎದುರು ಕೂತಳು.

“ಕಳಿಸಿದ್ರೆ ವಾಪಸ್ ಬತ್ತಾಳಾ ಮಿಸ್?”

“ಬರ್ತಾಳೆ ಕಣಮ್ಮ.”

“ಹೆಂಗೆ ಹೇಳ್ತೀರ?”

ಉತ್ತರ ಸರಿಯಿದ್ದರೂ ಕಾರಣ ಬರೆಯದಿದ್ದರೆ ಅಂಕ ಕತ್ತರಿಸುವವಳು ನಾನು. ಕಾರಣ ನಾಲಗೆಯ ತುದಿಯಲ್ಲೇ ಇತ್ತು: ಅವಳಿಗೆಲ್ಲ ಗೊತ್ತಿದೆ, ಗೊತ್ತಿದ್ದೂ ನಿನ್ನ ಮಗಳಾಗಿದ್ದಾಳೆ. ಅದನ್ನು ನುಂಗಿಕೊಂಡು, ನನಗೆ ಗೊತ್ತು ಅಷ್ಟೇ ಎಂದೆ. ಅವಳು ಸೆರಗು ಸರಿಮಾಡಿಕೊಂಡು ಎದ್ದಳು. ಕಳಿಸುತ್ತೇನೆ ಎಂದಳು. ಬಾಗಿಲ ಹತ್ತಿರ ಹೋಗಿ ತಿರುಗಿ ನಿಂತಳು.

“ಶನಿವಾರ ಬಂದ್ರೆ ನಿಮ್ಗೊಂದು ಮಿಸ್ಡ್ ಕಾಲ್ ಕೊಡ್ತೀನಿ. ಬರ್ಲಿಲ್ಲ ಅಂದ್ರೆ ಕೊಡಲ್ಲ.”

ಕಾಲೇಜು ಶುರುವಾದ ಮೊದಲ ಶನಿವಾರ ಪಾವಗಡದ ನನ್ನ ಬಾಡಿಗೆ ಮನೆಯಲ್ಲಿ ಫೋನನ್ನು ಎದುರಿಗಿಟ್ಟುಕೊಂಡು ಕೂತೆ. ಹೆತ್ತವಳು ಪ್ರೀತಿಯಿಂದ ಉಳಿಸಿಕೊಂಡಿದ್ದರೆ? ಅಪ್ಪಿ ಅತ್ತು ಎಲ್ಲವನ್ನೂ ಹೇಳಿಬಿಟ್ಟಿದ್ದರೆ? ಮಗು ತಾನೆ, ಮನಸ್ಸು ತಿರುಗಿದ್ದರೆ? ಮಧುಗಿರಿಯ ಬಸ್ಸು ಬರುವ ಹೊತ್ತು ಆಯಿತು. ಅವಳ ಊರಿನ ಬಸ್ಸು ಹೊರಡುವ ಹೊತ್ತೂ ದಾಟಿತು. ಒಲೆಯ ಮೇಲಿಟ್ಟ ಹಾಲು ಉಕ್ಕಿದ್ದು ನನಗೆ ಗೊತ್ತಾಗಲಿಲ್ಲ. ಬೇರೆಯವರ ಮಗಳನ್ನು ಯಾವ ಧೈರ್ಯದ ಮೇಲೆ ಕಳಿಸಿದೆ ಎಂದು ನನ್ನನ್ನೇ ಬೈದುಕೊಳ್ಳತೊಡಗಿದೆ.

ಆಗ ಫೋನ್ ಒಂದು ಸಲ ರಿಂಗಾಗಿ ನಿಂತಿತು. ಅವರ ಮನೆಯ ನಂಬರು. ತಾಯಿ ಕೊಟ್ಟಳೋ ಮಗಳು ಕೊಟ್ಟಳೋ ಗೊತ್ತಿಲ್ಲ. ನಾನೂ ತಿರುಗಿ ಒಂದು ಮಿಸ್ಡ್ ಕಾಲ್ ಕೊಟ್ಟು, ಒಲೆ ಒರೆಸಲು ಎದ್ದೆ.