ವಿಭೂತಿ ಬಳಿದ ಸಿ.ಡಿ.

‘ನಂಬರ್ ತಪ್ಪಾಗಿದೆ’ ಎಂದು ಕಂಪ್ಯೂಟರ್ ಮೂರನೇ ಸಲ ತೋರಿಸಿತು. ವಿಂಡೋಸ್ ಹೊಸದಾಗಿ ಹಾಕಿಸಿದ ಮೇಲೆ ಅಂಕಲಿಯ ನನ್ನ ಟೈಪಿಂಗ್ ಅಂಗಡಿಯಲ್ಲಿ ಕನ್ನಡ ಸಾಫ್ಟ್‌ವೇರ್ ಇನ್‌ಸ್ಟಾಲ್ ಆಗುತ್ತಲೇ ಇರಲಿಲ್ಲ. ಇನ್‌ಸ್ಟಾಲ್ ಮಾಡುವಾಗ ಕೊಡಬೇಕಾದ, ಸಿ.ಡಿ. ಕವರಿನ ಮೇಲೆ ಪೆನ್ನಿನಿಂದ ಬರೆದಿದ್ದ ನಂಬರನ್ನು ದಸರೆಯ ಖಂಡೆಪೂಜೆಯಲ್ಲಿ ಅಂಗಡಿಯ ಸಾಮಾನುಗಳಿಗೆಲ್ಲ ಪೂಜೆ ಮಾಡುವಾಗ ನಾನೇ ಒದ್ದೆ ವಿಭೂತಿ ಬಳಿದು ಅಳಿಸಿಬಿಟ್ಟಿದ್ದೆ; ಈಗ ಉಳಿದ ಗುರುತು ನೋಡಿ ಅಂದಾಜಿನ ಮೇಲೆ ಹಾಕುತ್ತಿದ್ದೆ. ಸಿ.ಡಿ. ಮಾರಿದವನ ಫೋನ್ ಬಂದ್.

ಶಾಲೆಯ ಬಿಸಿಯೂಟದ ಅಡುಗೆ ಕೆಲಸಕ್ಕೆ ಅರ್ಜಿ ಟೈಪ್ ಮಾಡಿಸಲು ಯಡೂರಿನಿಂದ ಬಂದ ಹೆಣ್ಣುಮಗಳೊಬ್ಬಳು ಬೆಳಗಿನಿಂದ ಬೆಂಚಿನ ಮೇಲೆ ಕಾಯುತ್ತಿದ್ದಳು. ಅಂದೇ ಕೊನೆಯ ದಿನ. ಕೈಬರಹದ ಅರ್ಜಿಯನ್ನು ತೆಗೆದುಕೊಳ್ಳುತ್ತಿರಲಿಲ್ಲ. ಕೊನೆಗೆ ನಡೆದದ್ದನ್ನು ಹೇಳಿದೆ.

“ಪೂಜಿ ಮಾಡಿದವರು ನೀವ್ರಿ ಅಕ್ಕಾರ. ಶಿಕ್ಷಾ ನನಗ್ಯಾಕ?” ಎಂದು ಎದ್ದು ಹೋದಳು.

ಮರುದಿನ ಹೊಸ ಸಿ.ಡಿ. ತಂದೆ. ಅರ್ಜಿಯ ದಿನ ಮುಗಿದಿತ್ತು, ಆಕೆಗೆ ಅದರಿಂದ ಏನೂ ಉಪಯೋಗವಿರಲಿಲ್ಲ. ಈಗಲೂ ದಸರೆಗೆ ಕಂಪ್ಯೂಟರಿಗೆ ಹೂವಿಡುತ್ತೇನೆ, ಕೈಮುಗಿಯಲು ನಾಚಿಕೆಯಾಗುತ್ತದೆ.