ಭ್ರೂಣದ ಕೋಣೆಗೆ ಬಂದ ಅತ್ತರು

“ನಾನು ಕಾಲಿಟ್ಟ ಕೋಣೇಲಿ ಸತ್ತ ಜೀವಕೋಶ ಕೂಡ ಎದ್ದು ಕೂರುತ್ತೆ” ಎಂದು ಸಂಸ್ಥೆಯ ನಿರ್ದೇಶಕರು ಅತಿಥಿಗಳ ಮುಂದೆ ಎದೆ ತಟ್ಟಿಕೊಂಡಾಗ ಇಲಿಯಕ್ಕನಿಗೆ ಮೈಯೆಲ್ಲ ಉರಿಯಿತು. ಅವರು ಆಡಿದ ಮಾತಿಗಲ್ಲ, ಹಚ್ಚಿಕೊಂಡು ಬಂದ ಅತ್ತರಿಗೆ. ಅದು ಯಜಮಾನರಿಗಿಂತ ಅರ್ಧ ಗಂಟೆ ಮೊದಲೇ ಬಂದು ಕುರ್ಚಿ ಹಿಡಿದು ಕೂರುವಂಥ ಅತ್ತರು. ಅದರ ಹೊಡೆತಕ್ಕೆ ಆ ಕಟ್ಟಡದ ಸೊಳ್ಳೆಗಳು ಗಂಟುಮೂಟೆ ಕಟ್ಟಿ ಊರನ್ನೇ ಬಿಟ್ಟಿದ್ದವು.

ಇಲಿಯ ಭ್ರೂಣಗಳನ್ನು ಗಾಜಿನ ತಟ್ಟೆಯಲ್ಲಿ ಸಾಕುವ ವಿಜ್ಞಾನಿಯಾದ್ದರಿಂದ ಆಕೆಗೆ ಆ ಹೆಸರು. ಧೂಳಿನ ಕಣದಷ್ಟಿರುವ ಭ್ರೂಣದ ಒಳಗಿನ ಜೀವಕೋಶಗಳು ಮೊದಲು ಎಲ್ಲವೂ ಒಂದೇ ಥರ. ಆಮೇಲೆ ಕೆಲವು ಮರಿಯ ಮೈಯಾಗುವ ದಾರಿ ಹಿಡಿದು, ನೀವು ಮರಿಯನ್ನು ಸಾಕುವ ಚೀಲವಾಗಿ ಎಂದು ಪಕ್ಕದವಕ್ಕೆ ಒಂದು ಪ್ರೋಟೀನಿನ ಮೂಲಕ ಹೇಳಿ ಕಳಿಸುತ್ತವೆ. ಆ ಸಂದೇಶಕ್ಕೆ ತಡೆಯೊಡ್ಡಿದರೆ ಎಲ್ಲಕ್ಕೂ ಮರಿಯಾಗುವ ಚಪಲ. ಚೀಲವಾಗಲು ಒಂದೂ ಮುಂದೆ ಬರುವುದಿಲ್ಲ. ಯಾವ ಹೊತ್ತಿನೊಳಗೆ ತಡೆ ತೆಗೆದರೆ ಅವು ಮತ್ತೆ ಸರಿದಾರಿಗೆ ಬರುತ್ತವೆ ಎಂಬುದನ್ನು ಇಲಿಯಕ್ಕ ಕಣ್ಣು ಕೆಂಪಾಗುವ ತನಕ ನೋಡಿ ಕಂಡುಕೊಂಡಿದ್ದಳು.

ಇಂಥ ಕೋಣೆಯಲ್ಲಿ ಸುಗಂಧವೆಂದರೆ ವಿಷ. ಅವಳ ಗಂಡ ಕ್ಷೌರದ ಅಂಗಡಿಯವನು. ದಿನವಿಡೀ ಊರವರ ಕೆನ್ನೆಗೆ ಪರಿಮಳ ಬಳಿಯುವ ಆ ಮನುಷ್ಯ ಅದು ಅವಳಿಗೆ ಅಂಟದಿರಲೆಂದು ಅಂಗಡಿಯಲ್ಲೇ ಮೈ ತೊಳೆದು, ಅಂಗಿ ಬದಲಿಸಿ ಮನೆಗೆ ಬರುತ್ತಿದ್ದ. “ಮದುವೆ ಆಗಿದ್ದು ನಿನ್ನನ್ನೋ, ನಿನ್ನ ಇಲಿಗಳನ್ನೋ, ಹೇಳೇ?” ಎಂದು ಗೊಣಗುತ್ತಿದ್ದ, ಆದರೆ ಒಂದು ದಿನವೂ ತಪ್ಪಿಸಿದವನಲ್ಲ. ಕ್ಷೌರಿಕನಿಗೆ ತಿಳಿದದ್ದು ನಿರ್ದೇಶಕರಿಗೆ ತಿಳಿಯಲಿಲ್ಲವಲ್ಲ ಎಂದೇ ಅವಳ ಹೊಟ್ಟೆಯುರಿ. ಬಾಗಿಲಲ್ಲಿ ಅಡ್ಡ ನಿಂತು, ಅತ್ತರು ಹಚ್ಚಿಕೊಂಡು ಒಳಗೆ ಬರುವುದು ಬೇಡವೆಂದಳು. ಅವರು ಅವಳನ್ನು ಪರದೆ ಸರಿಸಿದ ಹಾಗೆ ಸರಿಸಿ, ಅತಿಥಿಗಳ ಜೊತೆ ಒಳಹೊಕ್ಕು, ಭ್ರೂಣಗಳನ್ನು ಬೆಚ್ಚಗಿಡುವ ಪೆಟ್ಟಿಗೆಯ ಬಾಗಿಲು ತೆರೆದು, ತಲೆಯನ್ನೇ ಒಳಗೆ ತೂರಿಸಿ ಭಾಷಣ ಮಾಡಿದರು.

ಮರುದಿನ ಆ ಪೆಟ್ಟಿಗೆಯ ಭ್ರೂಣಗಳೆಲ್ಲ ಕಪ್ಪಿಟ್ಟು ಮುದುಡಿದ್ದವು. ಎದ್ದು ಕೂರುವುದಿರಲಿ, ಒಂದೂ ಉಸಿರೆತ್ತಲಿಲ್ಲ. ನಿರ್ದೇಶಕರು ಸಭೆ ಕರೆದರು. ಇವಳ ಶೋಧವೇ ಸುಳ್ಳು, ಅದಕ್ಕೇ ಭ್ರೂಣ ಉಳಿಯಲಿಲ್ಲ ಎಂದರು. ವಾರದೊಳಗೆ ಕೋಣೆಯನ್ನೂ ಸೂಕ್ಷ್ಮದರ್ಶಕವನ್ನೂ ತಮ್ಮ ಶಿಷ್ಯನಿಗೆ ಒಪ್ಪಿಸಬೇಕೆಂದೂ ಅಪ್ಪಣೆಯಾಯಿತು. ಕೊಂದವರೇ ಶವಪರೀಕ್ಷೆ ಮಾಡಿ, ತೀರ್ಪನ್ನೂ ಕೊಟ್ಟಂತಾಯಿತು.

ಇಲಿಯಕ್ಕ ಅಳಲಿಲ್ಲ, ನೆಲಮಾಳಿಗೆಗೆ ಓಡಿದಳು. ಪ್ರತಿ ಸಲವೂ ಅರ್ಧ ಭ್ರೂಣಗಳನ್ನು ಅಲ್ಲಿನ ಇನ್ನೊಂದು ಪೆಟ್ಟಿಗೆಯಲ್ಲಿಡುವುದು ಅವಳ ರೂಢಿ. ಲಿಫ್ಟ್ ಕೆಟ್ಟಿತ್ತು, ನಿರ್ದೇಶಕರಿಗೆ ಮೆಟ್ಟಿಲು ಆಗಿಬರದು. ಹಾಗಾಗಿ ಅಲ್ಲಿನ ಜೀವಗಳು ಬದುಕಿಕೊಂಡಿದ್ದವು. ಅವುಗಳ ಚಿತ್ರವನ್ನು ಅವಳು ಸಭೆಯ ಗೋಡೆಯ ಮೇಲೆ ಮೂಡಿಸಿದಳು. ಸಂದೇಶ ತಡೆದಲ್ಲಿ ಬರೀ ಮರಿಯಾಗುವ ಕೋಶಗಳು. ಹೊತ್ತಿನೊಳಗೆ ತಡೆ ತೆಗೆದಲ್ಲಿ ಎರಡೂ ಬಗೆ, ಅವಳು ಹೇಳಿದ ಹಾಗೆಯೇ. ಮೇಲಿನವು, ಕೆಳಗಿನವು ಒಂದೇ ದಿನದ, ಒಂದೇ ತಾಯಂದಿರ ಭ್ರೂಣಗಳು. ನಡುವೆ ಇದ್ದ ವ್ಯತ್ಯಾಸ ಸಭೆಯ ಮೂಗಿಗೆಲ್ಲ ಬಡಿಯುತ್ತಲೇ ಇತ್ತು.

ಕೋಣೆ ಅವಳಿಗೇ ಉಳಿಯಿತು. ನಿರ್ದೇಶಕರು ಕನ್ನಡಕ ಒರೆಸಿಕೊಳ್ಳುತ್ತಾ, “ಅಲ್ಲಮ್ಮಾ, ಇಷ್ಟೆಲ್ಲಾ ಗೊತ್ತಿದ್ದೋಳು ನಂಗೆ ಸರಿಯಾಗಿ ತಿಳಿಸ್ಬಾರ್ದಾಗಿತ್ತಾ?” ಎಂದರು.

“ತಿಳಿಸಿದ್ದೆ ಸರ್, ಬಾಗಿಲಲ್ಲೇ ನಿಂತು. ಈ ಭ್ರೂಣಗಳಿಗೆ ಇನ್ನೂ ಕಿವಿ ಮೂಡಿಲ್ಲ, ಆದ್ರೂ ಪಕ್ಕದೋರು ಹೇಳಿದ್ದು ಕೇಳ್ಸುತ್ತೆ.”